ನಡುಮನೆಯ ಕೊರಿಯಾ ಹುಡುಗರು

ಕೂದಲಿಗೆ ಬಣ್ಣ ಹಚ್ಚಿಕೊಳ್ಳುವ ಗಂಡಸರ ಬಗ್ಗೆ ನನಗೆ ಅಂಥ ಒಳ್ಳೆಯ ಅಭಿಪ್ರಾಯವಿಲ್ಲ. ನಾನು ಹಚ್ಚುವುದು ಬರೀ ಕಪ್ಪು, ಅದೂ ಮದುವೆ, ಗೃಹಪ್ರವೇಶಗಳಿದ್ದಾಗ. ಹಾಗಾಗಿ ಅದು ಲೆಕ್ಕಕ್ಕಿಲ್ಲ. ಅಬ್ಬಿಗೆರೆಯ ನಮ್ಮ ನಡುಮನೆಯಲ್ಲಿ ಗುಲಾಬಿ, ನೀಲಿ, ಬೆಳ್ಳಿ ಕೂದಲಿನ ಆರು ಕೊರಿಯಾ ಹುಡುಗರು ಪೋಸ್ಟರಾಗಿ ಬಂದು ನಿಂತಾಗ ನನಗೆ ಹೇಗಾಗಿರಬೇಕು, ನೀವೇ ಹೇಳಿ.

ಅಂಟಿಸಿದವಳು ಪಿಯುಸಿ ಓದುವ ಮಗಳು ಚೈತ್ರಾ. ಕಾಲೇಜಿನಲ್ಲಿ ಆ ಹುಡುಗರ ಹಾಡಿಗೇ ಕುಣಿದು ಗೆದ್ದ ಬಹುಮಾನವಂತೆ ಅದು. ಅವಳ ಕೋಣೆಯ ಗೋಡೆಗೆ ತೇವ, ಅಂಟು ನಿಲ್ಲುವುದಿಲ್ಲ. ಮನೆ ಕಟ್ಟಿಸಿದವನು ನಾನೇ ಆದ್ದರಿಂದ ಆ ವಿಷಯ ಬೇಡ. ಬ್ರೆಜಿಲಿನ ಹುಡುಗಿಯರೂ ಇವರನ್ನು ಕಂಡು ಅಳುವುದನ್ನು ಮೊಬೈಲಿನಲ್ಲಿ ತೋರಿಸಿದಳು. ನಮ್ಮ ಕಾಲದಲ್ಲಿ ಜಗತ್ತೆಲ್ಲ ಪಶ್ಚಿಮದ ಕಡೆ ನೋಡಿ ಕುಣಿಯುತ್ತಿತ್ತು. ಈಗ ಕತ್ತು ಪೂರ್ವಕ್ಕೆ ತಿರುಗಿದೆ. ಏಷ್ಯಾದವನಾಗಿ ನನಗೆ ಹೆಮ್ಮೆಯೇನೋ ಆಯಿತು. ಆದರೆ ಆ ಹೆಮ್ಮೆಯನ್ನು ನಡುಮನೆಯಲ್ಲೇ ಅಂಟಿಸಬೇಕೆ?

"ಆಯುಧಪೂಜೆಗೆ ನೆಂಟರು ಬರ್ತಾರೆ. ಅಷ್ಟರೊಳಗೆ ತೆಗಿ, ಇಲ್ಲಾಂದ್ರೆ ನಾನೇ ಹರಿದು ಹಾಕ್ತೀನಿ" ಎಂದೆ. ಮಗಳು ಮಾತು ಬಿಟ್ಟಳು. ಮನೆಯಲ್ಲಿ ದಿನವಿಡೀ ಕೇಳುತ್ತಿದ್ದ ಆ ಹುಡುಗರ ಹಾಡೂ ನಿಂತಿತು. ಬೇಡವೆಂದಿದ್ದ ಹಾಡು ನಿಂತರೆ ಇಷ್ಟು ಬೇಜಾರಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಹಬ್ಬದ ದಿನ ಹಳೆಯ ನೇಗಿಲು, ಮಚ್ಚು, ಬೋರ್‌ವೆಲ್ ಮೋಟರು, ಮಿಕ್ಸಿ ಎಲ್ಲಕ್ಕೂ ಪೂಜೆಯಾಯಿತು. ಕಾರಿನ ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ಇನ್ನು ಪೋಸ್ಟರು ಕೀಳೋಣವೆಂದು ಒಳಗೆ ಬಂದೆ. ನೋಡಿದರೆ ಆರೂ ಹಣೆಗಳ ಮೇಲೆ ಅರಿಶಿನ ಕುಂಕುಮ, ಮೇಲೊಂದು ಸೇವಂತಿಗೆ ಹಾರ. ಪಕ್ಕದಲ್ಲಿ ಬಟ್ಟಲು ಹಿಡಿದ ನನ್ನ ಅವ್ವ.

"ಕೂಸು ಕುಣ್ದು ಗೆದ್ದಿರೋದು ಕಣ್ಲಾ. ಪೂಜೆ ಆಗೋಯ್ತು, ಇನ್ ಕಿತ್ತಾಕಂಗಿಲ್ಲ."

ಪೂಜೆಯಾದದ್ದನ್ನು ಹರಿಯುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಅಷ್ಟರಲ್ಲಿ ಚಿಕ್ಕಬಾಣಾವರದಿಂದ ಅಕ್ಕನ ಗಂಡ, ನಮ್ಮ ಭಾವ, ಊಟಕ್ಕೆ ಬಂದರು. ನಮ್ಮ ಕಡೆ ಗೋಡೆಯ ಮೇಲಿನ ಮನುಷ್ಯರ ಫೋಟೋಗೆ ಹಾರ ಬಿದ್ದಿದೆ ಎಂದರೆ ಅರ್ಥ ಒಂದೇ. ಭಾವ ಕೈಮುಗಿದು, ತುಂಬ ಹೊತ್ತು ನಿಂತು, ನನ್ನ ಕಿವಿಯ ಹತ್ತಿರ ಬಂದು ಕೇಳಿದರು: "ಛೇ, ಎಲ್ಲಾ ಒಂದೇ ಗಾಡೀಲಿ ಹೋಗ್ತಿದ್ರಾ?"

"ಅಯ್ಯೋ ಮಾವ, ಎಲ್ರೂ ಬದುಕಿದಾರೆ!" ಎಂದು ಚೈತ್ರಾ ಕೂಗಿದಳು. ಅವಳು ನಗುತ್ತಾ ಕುಸಿದು ಕೂತಳು, ಅವಳನ್ನು ನೋಡಿ ನಾನೂ.

ಅವ್ವನಿಗೆ ಅಷ್ಟು ಸಾಲದು. "ಇವ್ನೇನ್ ಕಮ್ಮಿನಾ? ಜಾಲಳ್ಳಿ ಟೆಂಟಲ್ಲಿ ಚೀನಾದ್ ಒಡೆದಾಟದ್ ಪಿಚ್ಚರ್ ನೋಡ್ಬಂದು, ಕೊಟ್ಟಿಗೇಲಿ ಅಸು ಕಟ್ಟೋ ಸರಪಳಿ ಬೀಸಿ ತನ್ ತಲೇನೇ ಊದಿಸ್ಕಂಡಿದ್ದ. ನಾನೇ ಅರಿಶ್ಣ ಅಚ್ಚಿದ್ದೆ."

ಹೌದು, ಪೂರ್ವದ ಗಾಳಿ ನಮ್ಮ ಮನೆಗೆ ಮೊದಲು ಬೀಸಿದ್ದು ನನ್ನ ತಲೆಗೇ. ಆ ಊತಕ್ಕೆ ಅರಿಶಿನ ಹಚ್ಚಿದ ಬೆರಳೇ ಈಗ ಕೊರಿಯಾದ ಹಣೆಗಳನ್ನೂ ಮುಟ್ಟಿತ್ತು. ಮಗಳು ನನ್ನನ್ನು ಹೊಸದಾಗಿ ನೋಡಿ, "ಅಪ್ಪಾ, ಒಂದ್ಸಲ ಬೀಸಿ ತೋರ್ಸು" ಎಂದಳು. ಬಿಟ್ಟ ಮಾತು ಮರಳಿ ಬಂದದ್ದು ಹೀಗೆ. ನನಗೆ ತುಂಬ ಸಂತೋಷವಾಯಿತು.

ಹುಡುಗರು ಇನ್ನೂ ನಡುಮನೆಯಲ್ಲೇ ಇದ್ದಾರೆ. ಅವರು ಬದುಕಿರುವ ವಿಷಯದಲ್ಲಿ ಭಾವನಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಬಂದಾಗಲೆಲ್ಲ ಗೋಡೆ ನೋಡಿ, "ಹುಡುಗ್ರು ಹೆಂಗಿದಾರೆ?" ಎಂದು ವಿಚಾರಿಸುತ್ತಾರೆ.

"ಚೆನ್ನಾಗಿದಾರೆ ಭಾವ, ಹೊಸ ಹಾಡು ಬಂದಿದೆ" ಎಂದು ಮಗಳಿಗಿಂತ ಮೊದಲು ನಾನೇ ಹೇಳುತ್ತೇನೆ.