ಪದ್ದಕ್ಕನ ಉಪ್ಪಿನ ಮರಿಗೆ

ನಾವುಂದದ ಪದ್ದಕ್ಕನಿಗೆ ಬೆಳಗಾಗುವುದು ಸೂರ್ಯನಿಂದಲ್ಲ, ಉಪ್ಪು ತುಂಬಿದ ಮರದ ಮರಿಗೆಯಿಂದ. ಬೆರಳೂರಿ ನೋಡಿ, ಒದ್ದೆಯೆನಿಸಿದರೆ ಸಾಕು, ದಂಡೆಗೆ ಓಡಿ ಮೀನುಗಾರರನ್ನು ಕೂಗುತ್ತಾಳೆ: "ಹ್ವಾಯ್, ಉಪ್ಪ್ ನೀರೊಡ್ದಿತ್! ಇವತ್ತ್ ದೋಣಿ ಇಳಿಸ್ಬೇಡಿ!" ಗಾಳಿಯಲ್ಲೂ ಕಣ್ಣಿಗೆ ಕಾಣದ ಉಪ್ಪಿನ ಹುಡಿ ಇದೆ, ತೇವ ಏರಿದರೆ ಅದೂ ನೀರು ಕುಡಿದು ಉಬ್ಬುತ್ತದೆ, ಆಮೇಲೆ ಕಡಲಿನ ಮೇಲೆ ಬಿಳಿ ಮುಸುಕು ಬಿದ್ದು, ದೋಣಿಯಲ್ಲಿ ಹೋದವರಿಗೆ ದಡ ಕಾಣುವುದಿಲ್ಲ ಎಂಬುದು ಅವಳ ವಾದ. ಮದುವೆ ಮನೆಗೆ ಹೋದರೂ ಮದುಮಗಳ ಮುಖ ನೋಡುವ ಮೊದಲು ಅಡುಗೆಮನೆಯ ಉಪ್ಪಿಗೆ ಬೆರಳು ಹಾಕುತ್ತಾಳೆ. ಸೂತಕದ ಮನೆಯಲ್ಲೂ ಹಾಗೆಯೇ. "ಎಂತ ಪದ್ದಕ್ಕ, ನಮ್ಮನಿ ಉಪ್ಪ್ ಎಂತ ಹೇಳ್ತ್?" ಎಂದು ಹೆಂಗಸರು ತಮಾಷೆ ಮಾಡಿದರೆ, "ನಗಿ, ನಗಿ" ಎನ್ನುತ್ತಾ ಸೆರಗಿಗೆ ಬೆರಳೊರೆಸಿಕೊಳ್ಳುತ್ತಾಳೆ. ತನ್ನ ಮನೆಯ ಉಪ್ಪನ್ನು ಮಾತ್ರ ಒಲೆಯ ಹತ್ತಿರ ಸುಳಿಯಗೊಡುವುದಿಲ್ಲ. ಮಳೆಗಾಲದಲ್ಲಿ ಅರ್ಧಕ್ಕರ್ಧ ಕರಗಿಹೋದರೂ ಅದು ಜಗಲಿಯಲ್ಲೇ ಇರಬೇಕು. ಮಹಾಯುದ್ಧ ಮುಗಿದ ವರ್ಷ, ಮಗ ತಿಮ್ಮ ಆ ಮುಸುಕಿನೊಳಗೆ ಹೋಗಿ ತಿರುಗಿ ಬಾರದ ದಿನ, ಮರಿಗೆ ಹಿಂದಿನ ರಾತ್ರಿಯಿಡೀ ಒಲೆಯ ಪಕ್ಕ ಬೆಚ್ಚಗೆ ಕೂತಿತ್ತು. "ಅಬ್ಬಿ, ಹೋಪುದಾ?" ಎಂದು ಅವನು ಕೇಳಿದಾಗ, ಬೆರಳೂರಿ ನೋಡಿ ಅವಳೇ ಹೇಳಿದ್ದಳು: "ಹೋಯ್ ಬಾ ಮಗಾ, ಉಪ್ಪ್ ಗರಿಗರಿ ಇತ್ತ್."