ಭರಮಮ್ಮ ಮೈಸೂರಿನಲ್ಲಿ ಕೇಳಿದ ಪ್ರಶ್ನೆ

ನಮ್ಮ ಪಂಚಾಯ್ತಿಯ ಹದಿಮೂರು ಸದಸ್ಯರು ಮೈಸೂರಿಗೆ ಅಧ್ಯಯನ ಪ್ರವಾಸ ಹೊರಟಾಗ ಬಸ್ಸು ಹತ್ತಿದವರು ಹದಿನೆಂಟು ಮಂದಿ. ಸದಸ್ಯೆಯರ ಗಂಡಂದಿರೂ ಸೇರಿಕೊಂಡಿದ್ದರು. ಸಭೆಯಲ್ಲಿ ಹೇಗೂ ಅವರೇ ಮಾತಾಡುವುದು, ಅಧ್ಯಯನವನ್ನು ಮಾತ್ರ ಹೆಂಡತಿಗೆ ಬಿಟ್ಟುಕೊಟ್ಟರೆ ಹೇಗೆ? ಒಬ್ಬಳೇ ಬಂದ ಹೆಂಗಸು ಭರಮಮ್ಮ. ಅವಳ ಗಂಡ ಮೈಲಾರಲಿಂಗಪ್ಪ ವರ್ಷದಲ್ಲಿ ಎಂಟು ತಿಂಗಳು ಕುರಿ ಹಿಂದೆ ಊರೂರು ಸುತ್ತುವ ಮನುಷ್ಯ. ಹಾಗಾಗಿ ಅವಳ ಸಹಿ ಅವಳೇ ಹಾಕಬೇಕು, ಅವಳ ಜಗಳ ಅವಳೇ ಆಡಬೇಕು. ನಮ್ಮ ಓಣಿಯವಳೇ, ಅಕ್ಕಾ ಎಂದು ಕರೆದು ಬೆಳೆದವನು ನಾನು. ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ನನ್ನನ್ನು ಫೋಟೊ ತೆಗೆಯಲೆಂದು ಕರೆದೊಯ್ದಿದ್ದರು.

ಹರಪನಹಳ್ಳಿ ಕಡೆಯ ಅರಸೀಕೆರೆ ದಾಟಿ ಮುಂದೆ ಬಂದರೆ ಸಿಗುವ ನಮ್ಮೂರಿನಲ್ಲಿ ಬುಧವಾರ ಸಂತೆ. ಭರಮಮ್ಮ ಸದಸ್ಯೆಯಾದ ಮೇಲೂ ಅಲ್ಲಿ ಪುಂಡಿ, ಮೆಂತ್ಯ ಸೊಪ್ಪು ಮಾರುತ್ತಾಳೆ. ಸುತ್ತಲ ಹಳ್ಳಿಯ ಹೆಂಗಸರು ಮೊದಲ ಬಸ್ಸಿಗೆ ಬಂದು ಕೂತರೆ ಸಂಜೆಯವರೆಗೆ ಏಳುವುದಿಲ್ಲ. ನೀರೂ ಕುಡಿಯುವುದಿಲ್ಲ. ಕುಡಿದರೆ ಹೋಗುವುದೆಲ್ಲಿ? ಮೂರು ಕಡೆ ಅಂಗಡಿ, ಒಂದು ಕಡೆ ರಸ್ತೆ. ಸೊಸೆಗೆ ತಕ್ಕಡಿ ಹಿಡಿಯುವುದನ್ನು ಕಲಿಸುವ ಮೊದಲು ಅತ್ತೆ ಇದನ್ನೇ ಕಲಿಸುತ್ತಾಳೆ: ಸಂತೆಯ ದಿನ ಬೆಳಗಿನಿಂದ ನೀರು ಬಂದ್. ಎರಡು ಸಲ ಉರಿಮೂತ್ರವಾಗಿ ಹರಪನಹಳ್ಳಿಯ ಆಸ್ಪತ್ರೆ ಸೇರಿ ಬಂದ ಮೇಲೆ ಭರಮಮ್ಮ ಚುನಾವಣೆಗೆ ನಿಂತಳು. ಸಂತೆಯ ಹೆಂಗಸರಿಗೊಂದು ಶೌಚಾಲಯ ಬೇಕು ಎಂದೇ ಓಟು ಕೇಳಿದಳು, ಗೆದ್ದಳು.

ಗೆದ್ದ ಮರುವರ್ಷ ಶೌಚಾಲಯವೇನೋ ಆಯಿತು. ಸಂತೆಯ ಮೂಲೆಯಲ್ಲಿ ಎರಡು ಕೋಣೆ, ನಲ್ಲಿ, ಗೋಡೆಯ ಮೇಲೆ ನಗುವ ಹೆಂಗಸಿನ ಚಿತ್ರ. ಉದ್ಘಾಟನೆಯ ಫೋಟೊ ತೆಗೆದವನೂ ನಾನೇ. ಜನ ಹಾಳು ಮಾಡುತ್ತಾರೆಂದು ಅಧ್ಯಕ್ಷ ಶಿವಯೋಗಪ್ಪನವರು ಅಂದೇ ಬೀಗ ಹಾಕಿಸಿ, ಬೀಗದ ಕೈಯನ್ನು ತಮ್ಮ ಗೊಬ್ಬರದಂಗಡಿಯ ಮೊಳೆಗೆ ತೂಗುಹಾಕಿದರು. ಕೆಟ್ಟವರಲ್ಲ, ಕೇಳಿದರೆ ಕೊಡುತ್ತಿದ್ದರು. ಆದರೆ ಹತ್ತು ಗಂಡಸರು ಹರಟೆ ಹೊಡೆಯುತ್ತ ಕೂತ ಅಂಗಡಿಗೆ ಹೋಗಿ ಯಾವ ಹೆಂಗಸು ಅದನ್ನು ಕೇಳುತ್ತಾಳೆ? ಇದು ಅಧ್ಯಕ್ಷರಿಗೆ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆದಿರಲಿಲ್ಲ.

ಮೈಸೂರಿನಲ್ಲಿ ಮೊದಲ ದಿನ ಕಸದ ಘಟಕ, ಎರಡನೆಯ ದಿನ ಅರಮನೆ, ಮೂರನೆಯ ದಿನ ಒಂದು ಬಡಾವಣೆಯ ಮಾರುಕಟ್ಟೆ. ಅಲ್ಲಿನ ಶೌಚಾಲಯ ಎಷ್ಟು ಚೊಕ್ಕಟವಾಗಿತ್ತೆಂದರೆ ನಮ್ಮವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಶಿವಯೋಗಪ್ಪನವರು ಟೈಲ್ಸ್ ಸವರಿ ನೋಡಿ ಕಂಪನಿಯ ಹೆಸರು ಬರೆದುಕೊಂಡರು. ಭರಮಮ್ಮ ಮಾತ್ರ ಪಕ್ಕದಲ್ಲಿ ಹೂ ಮಾರುತ್ತಿದ್ದವಳ ಬಳಿ ಕುಕ್ಕರುಗಾಲಲ್ಲಿ ಕೂತಳು.

"ಇದರ ಚಾವಿ ಯಾರತ್ರ ಇರತೈತವ್ವ?"

ಹೂವಿನವಳು ಸೆರಗಿನ ಗಂಟು ತೋರಿಸಿದಳು. ತಿಂಗಳಿಗೊಬ್ಬರಂತೆ ಮಾರುವ ಹೆಂಗಸರೇ ಇಟ್ಟುಕೊಳ್ಳುತ್ತಾರಂತೆ, ತೊಳೆಸುವ ಜವಾಬ್ದಾರಿಯೂ ಅವರದೇ ಅಂತೆ.

ಊರಿಗೆ ಬಂದ ಮೇಲೆ ಸಭೆ ಸೇರಿತು. ಅಧ್ಯಕ್ಷರು ಹುರುಪಿನಲ್ಲಿದ್ದರು. "ಮೈಸೂರು ನಮೂನಿ ಟೈಲ್ಸ್ ಹಾಕ್ಸಿ, ಆಮ್ಯಾಲ ನಮ್ಮ ಶೌಚಾಲಯದ ಬಾಗ್ಲು ತೆಗೆಯೋಣ," ಎಂದರು.

"ಟೈಲ್ಸ್ ಇರ್ಲಿ ಅಧ್ಯಕ್ಷರ, ಚಾವಿ ನಮ್ಮ ಕೈಯಾಗ ಕೊಡ್ರಿ," ಎಂದಳು ಭರಮಮ್ಮ.

"ಅಂಗಡಿಗೆ ಬಂದು ಇಸ್ಕಂಡು ಹೋಗ್ರಮ್ಮ. ಯಾರು ಬ್ಯಾಡ ಅಂದಾರ?"

"ಹಂಗಾರ ನಿಮ್ಮ ಮನಿ ಪಾಯಿಖಾನಿ ಚಾವಿ ನಾ ಇಟ್ಕಂತೀನಿ. ನಿಮ್ಮ ಮನಿಯವ್ರು ಹೋಗ್ಬೇಕಂದಾಗೆಲ್ಲ ನಮ್ಮ ಕುರಿ ಹಟ್ಟಿಗೆ ಬರ್ಲಿ. ನಮ್ಮ ಗಂಡಸ್ರ ಮುಂದ ನಿಂತು ಕೇಳ್ಲಿ, ಕೊಡ್ತೀನಿ."

ಗಂಡಂದಿರೆಲ್ಲ ನೆಲ ನೋಡಿದರು. ಶಿವಯೋಗಪ್ಪನವರ ಮುಖ ಕೆಂಪೇರಿತು. ಕೂಗಾಡುತ್ತಾರೆಂದುಕೊಂಡೆ. ಆದರೆ ಅವರು ಎದ್ದು ಅಂಗಡಿಗೆ ನಡೆದುಹೋಗಿ, ಬೀಗದ ಕೈ ತಂದು ಮೇಜಿನ ಮೇಲಿಟ್ಟರು. ಆ ದಿನದಿಂದ ಅವರ ಮೇಲೆ ನನಗೆ ಗೌರವ ಹೆಚ್ಚಿದೆ.

ಬುಧವಾರ ಭರಮಮ್ಮ ಬೆಳಗ್ಗೆಯೇ ಬಾಗಿಲು ತೆಗೆದಳು. ಮಧ್ಯಾಹ್ನವಾದರೂ ಒಬ್ಬಳೂ ಅತ್ತ ಸುಳಿಯಲಿಲ್ಲ. ಯಾರೂ ನೀರನ್ನೇ ಕುಡಿದಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಸೊಪ್ಪು ಬಿಟ್ಟೆದ್ದು, ತಂಬಿಗೆಯಲ್ಲಿ ನೀರು ಹಿಡಿದು ಸಾಲು ಸಾಲು ತಿರುಗಿದಳು. ಹೆಂಗಸರು ನಕ್ಕು ತಲೆಯಾಡಿಸಿದರು. ಮೆಣಸಿನಕಾಯಿ ಮಾರುವ ಮುದುಕಿ ಗಾಳೆಮ್ಮನೂ ಬೇಡವೆಂದಳು.

"ಸಂತಿ ದಿನ ನನಗ ನೀರಡಿಕಿ ಆಗಂಗಿಲ್ಲ ಭರಮಿ. ಮೂವತ್ತು ವರ್ಷ ಆತು, ಆಗೋದ ಬಿಟ್ಟೈತಿ."

ಭರಮಮ್ಮನ ಸಿಟ್ಟೆಲ್ಲ ಇಳಿದುಹೋಯಿತು. ಕಣ್ಣು ತುಂಬಿಕೊಂಡು ಮುದುಕಿಯ ಪಕ್ಕದಲ್ಲೇ ಕೂತು ತಂಬಿಗೆಯನ್ನು ಅವಳ ಕೈಗಿಟ್ಟಳು. "ಕುಡಿ ಅತ್ತಿ. ನೀ ಹೋಗಿ ಬರೋತನಕ ನಿನ್ನ ಮೆಣಸಿನಕಾಯಿ ನಾ ನೋಡ್ಕಂತೀನಿ."

ಗಾಳೆಮ್ಮ ಕಳ್ಳತನ ಮಾಡುವವಳಂತೆ ಅತ್ತಿತ್ತ ನೋಡಿ ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು. ಆಮೇಲೆ ಕತ್ತೆತ್ತಿ ಗಟಗಟನೆ ಕುಡಿಯತೊಡಗಿದವಳು ತಂಬಿಗೆ ಬರಿದಾದರೂ ಕೆಳಗಿಳಿಸಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, ನಾಚಿಕೆಯಿಂದ ಕೇಳಿದಳು:

"ಇನ್ನೊಂದೀಟು ಐತೇನ?"