ಡಬ್ಬಿಯೊಳಗಿನ ಹಿಪ್ಪುನೇರಳೆ

ದಿನಾ ಬೆಳಿಗ್ಗೆ ಅಕ್ಕನಿಗೆ ನುಂಗಿಸುವ ನೇರಳೆ ಬಣ್ಣದ ಗುಳಿಗೆ ನನ್ನ ಬೆರಳಿಗೆ ಎಳ್ಳಷ್ಟೂ ಬಣ್ಣ ಹತ್ತಿಸುವುದಿಲ್ಲ ಎಂಬ ಕ್ಷುಲ್ಲಕ ಸಂಗತಿ ನನ್ನನ್ನು ಕೆಣಕುತ್ತಲೇ ಇದೆ. ಡಬ್ಬಿಯ ಮೇಲೆ ಅಚ್ಚಾಗಿರುವುದೇನೋ ಹಿಪ್ಪುನೇರಳೆ ಹಣ್ಣಿನ ಚಿತ್ರವೇ. ಆದರೆ ಆ ಹಣ್ಣು ತಿಂದು ಬಣ್ಣ ಮುಚ್ಚಿಟ್ಟವರು ನಮ್ಮ ರಾಮನಗರದ ಸೀಮೆಯಲ್ಲಿ ಯಾರೂ ಇಲ್ಲ, ಮಹಾರಾಯರೇ.

ಬಿಡದಿಯ ಬಳಿಯಿದ್ದ ನಮ್ಮ ತೋಟದಲ್ಲಿ ಸೊಪ್ಪಿಗಿದ್ದ ಮರ್ಯಾದೆ ಹಣ್ಣಿಗಿರಲಿಲ್ಲ. ಸೊಪ್ಪು ರೇಷ್ಮೆಹುಳುವಿಗೆ ಮೃಷ್ಟಾನ್ನ. ಹಣ್ಣು ಇರುವೆಗೆ, ಮತ್ತು ಮನೆಯಲ್ಲಿ ಇರುವೆಗಿಂತ ಒಂದು ಮೆಟ್ಟಿಲು ಕೆಳಗಿದ್ದ ನನಗೆ. ಹಣ್ಣಿನಾಸೆಗೆ ನಾನು ಕಡ್ಡಿ ಮುರಿದರೆ ಅವ್ವ ನನ್ನ ಬೆನ್ನು ಮುರಿಯುತ್ತಿದ್ದಳು. ಅದಕ್ಕೇ ಅಕ್ಕ ಬೇಲಿಯ ಮರೆಯಲ್ಲಿ ನನ್ನ ಬಾಯಿ, ಅಂಗೈಗಳನ್ನು ತನ್ನ ಲಂಗದ ಅಂಚಿನಿಂದ ತಿಕ್ಕಿ ತಿಕ್ಕಿ ಒರೆಸುತ್ತಿದ್ದಳು. ಕಲೆ ಅವಳ ಲಂಗಕ್ಕೆ ಹತ್ತಿ, ಏಟೂ ಅವಳಿಗೇ ಬೀಳುತ್ತಿತ್ತು.

ಈಗ ಅವಳಿಗೆ ಮರೆವಿನ ಕಾಯಿಲೆ. ನಿವೃತ್ತ ಕನ್ನಡ ಮೇಷ್ಟನಾದ ನನ್ನ ಮಂದಬುದ್ಧಿಗೂ ನಿಲುಕುವಂತೆ ವೈದ್ಯರು ವಿವರಿಸಿದರು: ಕಬ್ಬಿಣಕ್ಕೆ ಹಿಡಿದಂತೆ ಮೆದುಳಿನ ಜೀವಕೋಶಗಳಿಗೂ ಒಂದು ಬಗೆಯ ತುಕ್ಕು ಹಿಡಿಯುತ್ತದಂತೆ, ಹಣ್ಣಿನ ಬಣ್ಣದಲ್ಲೇ ಇರುವ ಆಂಟಿಆಕ್ಸಿಡೆಂಟ್ ಅದನ್ನು ತಡೆದು, ಉಳಿದ ಕೋಶಗಳನ್ನಾದರೂ ಕಾಪಾಡೀತಂತೆ. ‘ಕಾಪಾಡೀತು’ ಎಂಬುದು ವ್ಯಾಕರಣದ ಪ್ರಕಾರ ಸಂಭಾವನಾರ್ಥಕ. ಆಯುಷ್ಯವೆಲ್ಲ ಅದನ್ನೇ ಪಾಠ ಮಾಡಿದ ನನಗೆ ಆ ಪದದೊಳಗೆ ‘ಸಂಭಾವನೆ’ಯೂ ಅಡಗಿದೆಯೆಂದು ಹೊಳೆದದ್ದು ವೈದ್ಯರ ಮೇಜಿನ ಮುಂದೆಯೇ!

ಹಣ್ಣನ್ನೇ ತಿನ್ನಿಸೋಣವೆಂದರೆ ತೋಟವೆಲ್ಲಿದೆ? ಎರಡು ಸಾವಿರದ ಇಸವಿ ಕಳೆದ ಮೇಲೆ ಕೈಗಾರಿಕಾ ಪ್ರದೇಶ ಕೈಕಾಲು ಚಾಚುತ್ತ ಬಂದು ಅದನ್ನು ನುಂಗಿತು. ಅಲ್ಲೀಗ ತುಕ್ಕೇ ಹಿಡಿಯದ ತಗಡಿನ ಶೆಡ್ಡು ಫಳಫಳ ಹೊಳೆಯುತ್ತಿದೆ. ತಗಡಿಗಿರುವ ಭಾಗ್ಯ ನಮ್ಮಕ್ಕನಿಗಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಇವತ್ತು ಗುಳಿಗೆ ಹಿಡಿದು ಹೋದರೆ ಅಕ್ಕ ನನ್ನ ಕೈ ತಳ್ಳಿದಳು. “ಹುಳ ಜ್ವರಕ್ಕೆ ಕುಂತೈತೆ ಕಣಪ್ಪ, ಈಗ ಸೊಪ್ಪು ಹಾಕ್ಬಾರ್ದು,” ಎಂದಳು. ರೇಷ್ಮೆಹುಳು ಪೊರೆ ಕಳಚುವ ಮುನ್ನ ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗುವುದಕ್ಕೆ ನಮ್ಮ ಕಡೆ ಜ್ವರವೆನ್ನುತ್ತಾರೆ. ಯಾವ ಹುಳವೋ ಕಾಣೆ. ಮೇವು ಬಿಟ್ಟು ತಲೆಯೆತ್ತಿ ಕೂತಿದ್ದವಳು ಅವಳೇ. ಜ್ವರ ಕಳೆದ ಹುಳು ಎದ್ದು ಮೇಯುತ್ತದೆ ಎಂಬುದೊಂದನ್ನೇ ನಂಬಿ, ಗುಳಿಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಪೆದ್ದನಂತೆ ಪಕ್ಕದಲ್ಲೇ ಕುಳಿತೆ.

ಎಷ್ಟೋ ಹೊತ್ತಿನ ಮೇಲೆ ಮುಷ್ಟಿ ಬಿಚ್ಚಿದರೆ ಗುಳಿಗೆ ಬೆವರಿಗೆ ಕರಗಿ ಅಂಗೈಯೆಲ್ಲ ನೇರಳೆಯಾಗಿತ್ತು. ಅಕ್ಕ ಅದನ್ನು ನೋಡಿದಳು. ಗಾಬರಿಯಿಂದ ಅತ್ತಿತ್ತ ಕಣ್ಣಾಡಿಸಿ, ಸೆರಗು ಎಳೆದುಕೊಂಡು ನನ್ನ ಅಂಗೈಯನ್ನು ತಿಕ್ಕಿ ತಿಕ್ಕಿ ಒರೆಸತೊಡಗಿದಳು. ಅಬ್ಬಾ, ಕೊನೆಗೂ ನನ್ನ ಗುರುತು ಸಿಕ್ಕಿತಲ್ಲ ಎಂದು ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿದೆ.

“ಯಾರ್ ಮಗನ್ಲಾ ನೀನು?” ಎಂದಳು ಅಕ್ಕ, ಒರೆಸುತ್ತಲೇ. “ಎಲ್ಲಾನೂ ನೀನೇ ತಿನ್ಬುಡ್ಬೇಡ. ನನ್ ತಮ್ಮಂಗೂ ಒಸಿ ಬುಡು.”